ಕಸ್ತೂರಿಯ ಉಡಿ ತುಂಬಿದ ಎಳ್ಳಮಾಸಿ

ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸುವಾಗ ಒಂದು ವಾಸನೆ ಬರುತ್ತದೆ. ಮೊನ್ನೆ ಸಿಂದಗಿ ಬಸ್ ನಿಲ್ದಾಣದಲ್ಲಿ ಇಳಿದೆ ನೋಡಿ, ಗೇಟಿನ ಹತ್ತಿರ ಕೂತಿದ್ದ ಮುದುಕಿಯೊಬ್ಬಳು ಅದೇ ಹೊತ್ತಿಗೆ ಪಾತೇಲಿಯ ಮುಚ್ಚಳ ತೆಗೆದಳು, ಉಗಿ ಸೀದಾ ನನ್ನ ಮುಖಕ್ಕೇ ಬಂತು. ನಾನು ಮಸೂತಿ ಊರಿನವಳು. ತೊಗರಿ ಹೊಲದಲ್ಲೇ ಹುಟ್ಟಿ, ತೊಗರಿ ಹೊಲದಲ್ಲೇ ಬೆಳೆದವಳು. ಆ ವಾಸನೆಗೆ ಬಾಯಲ್ಲಿ ನೀರೂರಬೇಕಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮುದುಕಿ "ಬರ್ರಿ ಅಕ್ಕಾರ, ಬಿಸಿ ಅದಾವು" ಅಂತ ಕರೆಯುತ್ತಲೇ ಇದ್ದಳು. ನಾನು ಕೇಳಿಸದವಳ ಹಾಗೆ ದಾಟಿ ಬಂದೆ.

ಪಿಂಚಣಿ ಕಾಗದದಲ್ಲಿ ನನ್ನ ಹುಟ್ಟಿದ ತಾರೀಖು ತಪ್ಪಾಗಿತ್ತು, ಅದನ್ನು ತಿದ್ದಿಸಲು ಹಳೆಯ ಕಚೇರಿಗೆ ಹೊರಟಿದ್ದೆ. ಯಾವ ಇಲಾಖೆ ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ ಇಲಾಖೆಯವರೆಲ್ಲ ಸದ್ಯ ನಮ್ಮದಲ್ಲ ಅಂತ ನೆಮ್ಮದಿಯಾಗಿ ಚಹಾ ಕುಡಿಯುತ್ತಾರೆ. ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಒಳಗೆ ಹೋದರೆ ಅದೇ ಬೆಂಚು, ಅದೇ ಕುಡಿಯುವ ನೀರಿನ ಯಂತ್ರ, ಅದರ ಪಕ್ಕದ ಗೋಡೆಯ ಮೇಲೆ ಅದೇ ನೀಲಿ ಬೋರ್ಡು. 'ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ: ಆಂತರಿಕ ದೂರು ಸಮಿತಿ.' ಅದರ ಕೆಳಗೆ, ಅಧ್ಯಕ್ಷರು ಅನ್ನುವ ಕಡೆ, ಬಿಳಿ ಅಕ್ಷರದಲ್ಲಿ ನನ್ನ ಹೆಸರು. ನನಗಿಂತ ಮೊದಲಿದ್ದವರ ಹೆಸರಿನ ಮೇಲೆ ಬಣ್ಣ ಬಳಿದು ನನ್ನದನ್ನು ಬರೆದಿದ್ದರಿಂದ ಅವರ ಒಂದೆರಡು ಅಕ್ಷರ ಇನ್ನೂ ಹಿಂದಿನಿಂದ ಇಣುಕುತ್ತಿದ್ದವು. ಮೂರು ವರ್ಷಕ್ಕೊಮ್ಮೆ ಸಮಿತಿ ಬದಲಾಗಬೇಕು ಅಂತ ಕಾಯ್ದೆ ಹೇಳುತ್ತದೆ. ಬೋರ್ಡು ಬರೆಯುವ ಪೇಂಟರನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಆ ಹೆಸರು ಅಲ್ಲಿಗೆ ಬಂದದ್ದು ಹೇಗೆ ಅನ್ನುವುದೂ ನಗುವ ಮಾತೇ. ಮೇಲಿನ ಕಚೇರಿಯಿಂದ ತಪಾಸಣೆಗೆ ಬರುತ್ತಾರೆ ಅಂತ ಗೊತ್ತಾದ ದಿನ ಹಿಂದಿನ ಅಧ್ಯಕ್ಷೆ ವರ್ಗವಾಗಿ ಹೋಗಿ ಆರು ತಿಂಗಳಾಗಿತ್ತು. ಹಿರಿಯ ಹೆಂಗಸು ಬೇಕು, ಯಾರಿದ್ದಾರೆ? ಟಪಾಲು ಮೇಜಿನ ಶಾಂತಕ್ಕ ಇದ್ದಾಳಲ್ಲ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು, ಇಪ್ಪತ್ತೆಂಟು ವರ್ಷ ನಾನು ಮಾಡಿದ ಕೆಲಸ ಅದು. ನನ್ನ ನಾಲಿಗೆ ಖಾರ ಅಂತ ಕಚೇರಿಯಲ್ಲಿ ಹೆಸರಿತ್ತು. ಚಹಾ ತಣ್ಣಗಾಗಿದ್ದರೆ ಹೋಟೆಲಿನವನಿಗೆ ಬಯ್ಯುತ್ತಿದ್ದೆ, ಫೈಲು ತಡವಾದರೆ ಸಾಹೇಬರಿಗೇ ಅನ್ನುತ್ತಿದ್ದೆ. ಇವಳು ಅಧ್ಯಕ್ಷೆಯಾದರೆ ಯಾವ ಗಂಡಸೂ ಉಸಿರೆತ್ತುವುದಿಲ್ಲ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಯ್ದೆಯ ಕನ್ನಡ ಪುಸ್ತಿಕೆಯೊಂದು ಸುತ್ತೋಲೆಯ ಜೊತೆ ಬಂದಿತ್ತು. ಅದಕ್ಕೆ ನಂಬರು ಹಾಕಿ, ಓದದೆ, ಕಪಾಟಿನಲ್ಲಿಟ್ಟೆ.

ಅದೇ ವರ್ಷ, ಮಳೆಗಾಲದ ಕೊನೆಗೆ, ಕಸ್ತೂರಿ ಬಂದಳು. ಕೊರೊನಾ ಮುಗಿದು ಜನ ಮುಖದ ಬಟ್ಟೆ ತೆಗೆದು ವರ್ಷವಾಗಿತ್ತು. ಅವಳ ಗಂಡ ಆ ರೋಗದಲ್ಲೇ ಹೋಗಿದ್ದ. ಇಪ್ಪತ್ತಾರು ವರ್ಷದ ಹುಡುಗಿ, ಗೊಳಸಂಗಿಯವಳು. ಚಿಕ್ಕ ಮಗಳನ್ನು ಊರಲ್ಲಿ ತಾಯಿಯ ಹತ್ತಿರ ಬಿಟ್ಟು ಸಿಂದಗಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಕಂಪ್ಯೂಟರ್ ಆಪರೇಟರ್ ಕೆಲಸ, ಅದೂ ಹೊರಗುತ್ತಿಗೆಯ ಮೇಲೆ. ಪ್ರತಿ ವರ್ಷ ಮಾರ್ಚಿಯಲ್ಲಿ ಏಜೆನ್ಸಿಯವರ ಪಟ್ಟಿ ಬರುತ್ತದೆ, ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಮನೆ. ಮುಂದಿನ ಜೂನಿಗೆ ಮಗಳನ್ನು ಕರೆತಂದು ಸಿಂದಗಿಯ ಸಾಲೆಗೆ ಹಚ್ಚಬೇಕು, ಅದೊಂದೇ ಅವಳ ಹಟ. ಕೈ ಓಡುವ ವೇಗ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಪಕ್ಕ ನಿಂತು, ಅಕ್ಕಾರ ನೀವು ರಜಿಸ್ಟರ್ ಬರಿಯೂದು ರಂಗೋಲಿ ಹಾಕಿದಂಗ ಐತಿ ನೋಡ್ರಿ, ಅಂತ ಕಾಡುತ್ತಿದ್ದಳು. ಮಧ್ಯಾಹ್ನ ಇಬ್ಬರೂ ರೊಟ್ಟಿ ಕೂಡಿ ತಿನ್ನುತ್ತಿದ್ದೆವು. ಅವಳ ಶೇಂಗಾ ಹಿಂಡಿ ನನಗೆ, ನನ್ನ ಬದನೆಕಾಯಿ ಅವಳಿಗೆ.

ದೀಪಾವಳಿ ಕಳೆದ ಮೇಲೆ ಅವಳು ಕಾಡುವುದನ್ನು ನಿಲ್ಲಿಸಿದಳು. ರೊಟ್ಟಿ ಅರ್ಧ ಬಿಡುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ, ಹೊರಗೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ಎರಡು ಪುಟ ಬರೆದ ಕಾಗದವನ್ನು ನನ್ನ ಮುಂದಿಟ್ಟಳು.

ನಮ್ಮ ಕಚೇರಿಯ ಸೂಪರಿಂಟೆಂಡೆಂಟರನ್ನು ಎಲ್ಲರೂ ಅಣ್ಣಾರು ಅನ್ನುತ್ತಿದ್ದೆವು. ಐವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವರು. ನನ್ನ ಯಜಮಾನರಿಗೆ ಎದೆನೋವು ಬಂದಾಗ ಜೀಪು ಮಾಡಿಕೊಂಡು ವಿಜಯಪುರಕ್ಕೆ ಒಯ್ದವರು ಅವರೇ. ಕಾಗದದಲ್ಲಿ ಇದ್ದದ್ದು ಅವರ ಹೆಸರು. ಕಸ್ತೂರಿಯ ಕುರ್ಚಿಯ ಹಿಂದೆ ಬಂದು ನಿಲ್ಲುವುದು, ಹೇಳಿಕೊಡುವ ನೆಪದಲ್ಲಿ ಮೌಸಿನ ಮೇಲಿದ್ದ ಅವಳ ಕೈಯ ಮೇಲೆ ಕೈ ಇಡುವುದು, ಹಳೆಯ ಫೈಲು ತೆಗೆಯಬೇಕು ಬಾ ಅಂತ ರೆಕಾರ್ಡ್ ರೂಮಿಗೆ ಕರೆಯುವುದು. ಅಲ್ಲಿ ಎರಡು ಸಲ ಆದದ್ದನ್ನು ಅವಳು ಬರೆದಿದ್ದಳು. ನಾನಿಲ್ಲಿ ಬರೆಯುವುದಿಲ್ಲ. ಗಂಡ ಇಲ್ಲದಾಕಿಗೆ ಇಷ್ಟು ಬಿಗುಮಾನ ಯಾಕೆ ಅಂದಿದ್ದರಂತೆ.

ಓದಿ ಮುಗಿಸಿ ನಾನು ಅವಳಿಗೆ ಕೇಳಿದ ಮೊದಲ ಮಾತು ಏನು ಗೊತ್ತೇ? ಯಾರಿಗಾದರೂ ಹೇಳಿದ್ದೀಯಾ ಅಂತ. ನಿನಗೆ ಹೇಗಿದೆ ಅಂತ ಕೇಳಲಿಲ್ಲ. ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು.

"ಬೋರ್ಡಿನ ಮ್ಯಾಲೆ ನಿಮ್ಮ ಹೆಸರು ಐತಲ್ರಿ ಅಕ್ಕಾರ. ಅದಕ್ಕ ನಿಮ್ಮ ಹಂತ್ಯಾಕ ಬಂದೇನಿ" ಅಂದಳು.

ನನ್ನ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ನಾನಿದ್ದೇನೆ, ನೀನು ಅಂಜಬೇಡ ಅಂದೆ. ಕಾಗದ ಕೈಗೆ ತೆಗೆದುಕೊಂಡೆ. ಅದಾದ ಮೇಲೆ ನನ್ನ ಕೈ ತಾನಾಗಿಯೇ ಒಂದು ಕೆಲಸ ಮಾಡಿತು. ಸೀಲು ಒತ್ತಿದೆ. ನಂಬರು ಹಾಕಿದೆ. ಆವಕ ರಜಿಸ್ಟರು ಎಳೆದುಕೊಂಡು, ಯಾರಿಂದ ಅನ್ನುವ ಕಡೆ ಅವಳ ಹೆಸರು, ವಿಷಯ ಅನ್ನುವ ಕಡೆ ಅಣ್ಣಾರ ಹೆಸರು ಸಹಿತ ಪೂರ್ತಿ ವಿಷಯ, ರಂಗೋಲಿಯಂಥ ಅಕ್ಷರದಲ್ಲಿ ಬರೆದೆ. ರಜಿಸ್ಟರು ಯಾವಾಗಲೂ ಇರುವಂತೆ ಮೇಜಿನ ಮೇಲೆ ತೆರೆದೇ ಇತ್ತು. ನಾಲ್ಕು ಗಂಟೆಗೆ ಎರಡನೇ ಗುಮಾಸ್ತ ಈರಣ್ಣ ತನ್ನದೊಂದು ಕಾಗದದ ನಂಬರು ಹುಡುಕಲು ಬಂದ. ಹುಡುಕಿದ. ನನ್ನ ಮುಖ ನೋಡಿದ. ತನ್ನ ಕಾಗದದ ನಂಬರು ಬರೆದುಕೊಳ್ಳದೆಯೇ ಹೋದ. ಐದಕ್ಕೆ ಕಚೇರಿ ಬಿಡುವಾಗ ಎಲ್ಲರಿಗೂ ಗೊತ್ತಾಗಿತ್ತು.

ಆ ವಾರ ಪುಸ್ತಿಕೆಯನ್ನು ಮನೆಗೆ ಒಯ್ದು ಓದಿದೆ. ದೂರು ಕೊಟ್ಟವಳ ಹೆಸರು ಹೊರಗೆ ಹೋಗಕೂಡದು ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ, ಎಳೆದು ಏನು ಬಂತು. ಕೆಟ್ಟದ್ದು ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಸಬೇಕು, ಅವಳು ಕೇಳಿದರೆ ಅವನನ್ನೋ ಅವಳನ್ನೋ ಬೇರೆ ಕಡೆ ಹಾಕಲು ಶಿಫಾರಸು ಮಾಡಬಹುದು, ರಜೆ ಕೊಡಿಸಬಹುದು. ಓದುತ್ತಾ ಹೋದಂತೆ ಧೈರ್ಯ ಬಂತು. ಎಲ್ಲದಕ್ಕೂ ಅದರಲ್ಲಿ ದಾರಿ ಇತ್ತು. ಇಷ್ಟು ಗಟ್ಟಿಯಾದ ಪುಸ್ತಕ ನನ್ನ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತಲ್ಲ ಅಂತ ನನ್ನನ್ನು ನಾನೇ ಬಯ್ದುಕೊಂಡೆ.

ಪುಸ್ತಕ ಗಟ್ಟಿಯಿತ್ತು, ಸಮಿತಿ ಇರಲಿಲ್ಲ. ಸಮಿತಿ ಅಂದರೆ ನಾನು, ಹೆರಿಗೆ ರಜೆಯ ಮೇಲೆ ತವರಿಗೆ ಹೋಗಿದ್ದ ಒಬ್ಬ ಟೈಪಿಸ್ಟು, ಇದೇ ಈರಣ್ಣ, ಮತ್ತು ಹೊರಗಿನ ಸದಸ್ಯೆ ಅಂತ ವಿಜಯಪುರದ ಸಂಸ್ಥೆಯೊಂದರ ಹೆಣ್ಣುಮಗಳು. ಆಕೆಯನ್ನು ನಾವು ಯಾರೂ ಕಂಡಿರಲಿಲ್ಲ, ಸಹಿಗಳೆಲ್ಲ ಟಪಾಲಿನಲ್ಲೇ ಹೋಗಿ ಬಂದಿದ್ದವು. ಫೋನು ಮಾಡಿದೆ. ಪಾಪ, ಒಳ್ಳೆಯ ಮಾತಿನಾಕೆ. ಹನ್ನೊಂದು ಕಚೇರಿಯ ಸಮಿತಿಗಳಲ್ಲಿ ನನ್ನ ಹೆಸರಿದೆ, ಗಾಡಿ ಕಳಿಸಿದರೆ ಬರುತ್ತೇನೆ, ಇಲ್ಲವಾದರೆ ಸಂಕ್ರಾಂತಿ ಮುಗಿಯಲಿ ಅಂದಳು. ದೊಡ್ಡ ಸಾಹೇಬರಿಗೆ ಗಾಡಿ ಕೇಳಿದೆ. ವಯಸ್ಸಿನಲ್ಲಿ ನನ್ನ ಮಗನಷ್ಟಿದ್ದ ಅವರು, ಮೇಡಂ, ಹೊರಗೆ ಹೋಗುವ ಮುಂಚೆ ಒಳಗೇ ಒಂದು ಮಾತಾಡಿ ನೋಡಿ, ಕಚೇರಿಯ ಮರ್ಯಾದೆಯೂ ಇದೆಯಲ್ಲ ಅಂದರು. ಕಸ್ತೂರಿಯನ್ನು ಬೇರೆ ಕೋಣೆಗೆ ಹಾಕಿ ಅಂದೆ. ಬೇರೆ ಕೋಣೆ ಎಲ್ಲಿದೆ ಮೇಡಂ ಅಂದರು. ನಿಜ, ಇರಲಿಲ್ಲ.

ಹೀಗೆ ದಿನ ಎಣಿಸುತ್ತಾ ಕೂತೆ. ಚಳಿ ಬಂತು. ಸಿಂದಗಿಯ ಸುತ್ತ ತೊಗರಿ ಹೂ ಬಿಟ್ಟು, ಹೂ ಉದುರಿ, ಕಾಯಿ ಕಟ್ಟಿತು. ಬೆಳಗಿನ ಬಸ್ಸಿನಲ್ಲಿ ಹೆಂಗಸರು ಕಾಯಿ ಗಂಟು ಹೊತ್ತು ತರುತ್ತಿದ್ದರು. ಕಚೇರಿಯಲ್ಲಿ ಯಾರೂ ಕಸ್ತೂರಿಯ ಜೊತೆ ಜಗಳವಾಡಲಿಲ್ಲ, ಕೆಟ್ಟ ಮಾತೂ ಆಡಲಿಲ್ಲ. ಮಾತಾಡುವುದನ್ನೇ ಬಿಟ್ಟರು. ಅವಳು ನೀರು ಕುಡಿಯಲು ಎದ್ದರೆ ಯಂತ್ರದ ಹತ್ತಿರ ನಿಂತವರು ದಾರಿ ಬಿಟ್ಟು ಸರಿಯುತ್ತಿದ್ದರು. ಅಣ್ಣಾರು ಮಾತ್ರ ಎಂದಿನಂತೆ ವಿಭೂತಿ ಹಚ್ಚಿಕೊಂಡು ಬಂದು, ಎಲ್ಲರ ಕ್ಷೇಮ ಕೇಳಿ ಕೂಡುತ್ತಿದ್ದರು. ನನಗೂ ಕೇಳುತ್ತಿದ್ದರು. ಯಜಮಾನರು ಹ್ಯಾಂಗದಾರ್ರಿ ಶಾಂತಕ್ಕ, ಗುಳಿಗಿ ತಪ್ಪಸಬ್ಯಾಡ್ರಿ ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಖಾರದ ನಾಲಿಗೆ ಎಲ್ಲಿ ಹೋಗಿತ್ತೋ.

ಎಳ್ಳಮಾಸಿ ಹತ್ತಿರ ಬಂತು. ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಮನೆಯಲ್ಲಿ ಉಣ್ಣುವವರು ಯಾರೂ ಇಲ್ಲ. ಬುಟ್ಟಿ ತುಂಬ ಅಡಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಅಂತ ಅಡಿಗೆಯಲ್ಲಿ ಸ್ವಲ್ಪ ಚೆಲ್ಲಿ, ಅಲ್ಲೇ ಸಾಲಿನಲ್ಲಿ ಕೂತು ಉಣ್ಣುತ್ತೇವೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಅಣ್ಣಾರ ಹೊಲ ಇಂಡಿ ತಾಲ್ಲೂಕಿನಲ್ಲಿ, ಲಚ್ಯಾಣದ ಆಚೆ. ಪ್ರತಿ ವರ್ಷ ಟೆಂಪೋ ಮಾಡಿಸಿ ಇಡೀ ಕಚೇರಿಯನ್ನು ಕರೆದೊಯ್ಯುತ್ತಿದ್ದರು. ಆ ವರ್ಷವೂ ಕರೆ ಬಂತು, ಅದೂ ಅವರ ಹೆಂಡತಿಯಿಂದ. ಅವರು ಅಣ್ಣಾರು ಆದ ಮೇಲೆ ಆಕೆ ನಮಗೆಲ್ಲ ವೈನಿ. ವೈನಿ ನನಗೆ ಫೋನು ಮಾಡಿ, ಎಲ್ಲಾರೂ ಬರಬೇಕು, ಆ ಹುಡುಗೀನೂ ಕರಕೊಂಡು ಬರ್ರಿ, ಹಬ್ಬದ ದಿನ ಯಾರನ್ನೂ ಬಿಟ್ಟು ಉಣಬಾರದು ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಈ ಹೆಂಗಸು ಗಂಡನ ತಪ್ಪಿಗೆ ನಾಚಿಕೊಂಡಿದ್ದಾಳೆ ಅಂತ ನಾನು ತಿಳಿದೆ.

ಕಸ್ತೂರಿ ಬರುವುದಿಲ್ಲ ಅಂದಳು. ನಾನು ಬಿಡಲಿಲ್ಲ. ನೀನು ಹೋಗದಿದ್ದರೆ ತಪ್ಪು ನಿನ್ನದೇ ಅಂತ ಆಡಿಕೊಳ್ಳುತ್ತಾರೆ, ಹೋಗಿ ತಲೆ ಎತ್ತಿ ಕೂತು ಉಂಡು ಬಾ, ನನ್ನ ಮಗ್ಗುಲಲ್ಲೇ ಇರು ಅಂತ ಬೋಧನೆ ಮಾಡಿದೆ. ಊರಿಗೆ ಹೋಗಿ ಮಗಳ ಜೊತೆ ಹಬ್ಬ ಮಾಡಬೇಕೆಂದಿದ್ದವಳು ನನ್ನ ಮಾತಿಗೆ ಟೆಂಪೋ ಹತ್ತಿದಳು.

ಆ ದಿನದ ಬಿಸಿಲು ನನಗೆ ಇನ್ನೂ ನೆನಪಿದೆ. ಚಳಿಗಾಲದ ತೆಳುವಾದ ಬಿಸಿಲು. ಒಂದು ಕಡೆ ನಿಂಬೆಯ ತೋಟ, ಇನ್ನೊಂದು ಕಡೆ ಎದೆಯೆತ್ತರ ತೊಗರಿ, ನಡುವೆ ಬನ್ನಿಗಿಡ. ಮೂರು ಕಲ್ಲಿನ ಒಲೆಯ ಮೇಲೆ ಹಸಿ ತೊಗರಿಕಾಯಿ ಕುದಿಯುತ್ತಿದ್ದವು. ಅಣ್ಣಾರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊಲದ ನಾಲ್ಕು ಮೂಲೆಗೆ ಚರಗ ಚೆಲ್ಲಿ ಬಂದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಎಲ್ಲರೂ ಉಂಡೆವು. ಕಸ್ತೂರಿಯೂ ಉಂಡಳು, ವೈನಿ ಎರಡು ಸಲ ಬಂದು ಅವಳ ಎಲೆಗೆ ತುಪ್ಪ ಹಾಕಿದರು.

ಉಂಡಾದ ಮೇಲೆ ಹೆಂಗಸರಿಗೆ ಉಡಿ ತುಂಬುವುದು ಆ ಮನೆಯ ಪದ್ಧತಿ. ಸೆರಗು ಒಡ್ಡಿದರೆ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಖಣ ಹಾಕುತ್ತಾರೆ. ಅವರ ತೋಟದ್ದು ಅಂತ ಎರಡು ನಿಂಬೆಹಣ್ಣೂ ಇಟ್ಟಿದ್ದರು. ನನಗೆ ಮೊದಲು ತುಂಬಿದರು, ಆಮೇಲೆ ಉಳಿದವರಿಗೆ. ಗಂಡ ಸತ್ತವರಿಗೆ ಉಡಿ ತುಂಬುವುದಿಲ್ಲ. ಅದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಕಸ್ತೂರಿ ತಾನಾಗಿಯೇ ಎದ್ದು, ಪಾತ್ರೆ ತೊಳೆಯುವ ನೆಪ ಮಾಡಿಕೊಂಡು, ಬನ್ನಿಗಿಡದ ಹಿಂದೆ ಹೋಗಿ ಕೂತಿದ್ದಳು.

ವೈನಿ ಅಕ್ಕಿಯ ಮೊರ ಹಿಡಿದುಕೊಂಡು ಅವಳ ಹತ್ತಿರಕ್ಕೇ ನಡೆದರು.

"ಏಳವ್ವಾ, ಇಲ್ಲಿ ಬಾ. ನಮ್ಮ ಹೊಲದಾಗ ಆ ಭೇದ ಇಲ್ಲ. ಸೆರಗ ಹಿಡಿ" ಅಂದರು.

ಮಾತಾಡುತ್ತಿದ್ದವರೆಲ್ಲ ಆ ಕಡೆ ತಿರುಗಿದರು. ಕಸ್ತೂರಿಯ ಕೈಯಲ್ಲಿ ಬೂದಿ ಹತ್ತಿತ್ತು. ಅವಳು ವೈನಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಏನು ಮಾಡಲಿ ಅಂತ ಕೇಳುತ್ತಿದ್ದಳು. ನನಗೋ ಕಣ್ಣು ತುಂಬಿ ಬಂದಿತ್ತು. ನನ್ನ ಅವ್ವ ಮೂವತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಆಮೇಲೆ ನಲವತ್ತು ವರ್ಷ ಬದುಕಿದಳು, ಯಾವ ಮನೆಯ ಬಾಗಿಲಲ್ಲೂ ಒಬ್ಬರೂ ಅವಳ ಸೆರಗಿಗೆ ಒಂದು ಹಿಡಿ ಅಕ್ಕಿ ಹಾಕಲಿಲ್ಲ. ಅವ್ವನಿಗೆ ಆಗದೆ ಹೋದದ್ದು ಇವಳಿಗಾದರೂ ಆಗುತ್ತಿದೆಯಲ್ಲ ಅಂತ ನನಗೆ ಅಷ್ಟೇ ಕಂಡಿತು.

"ಹಿಡಿ ಕಸ್ತೂರಿ. ಒಲ್ಲೆ ಅನಬ್ಯಾಡ" ಅಂದೆ.

ಅವಳು ಸೆರಗು ಒಡ್ಡಿದಳು. ಸೆರಗಿನ ಒಂದು ತುದಿ ಜಾರಿ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ವೈನಿ ಐದು ಸಲ ಬೊಗಸೆ ತುಂಬಿ ಹಾಕಿದರು, ಖಣ ಇಟ್ಟರು, ನಿಂಬೆಹಣ್ಣು ಇಟ್ಟರು. ಕಸ್ತೂರಿ ಅಳುತ್ತಿದ್ದಳು. ಗಂಡ ಸತ್ತ ಮೇಲೆ ಮೊದಲ ಸಲ ಯಾರೋ ಅವಳನ್ನು ಸಾಲಿನಲ್ಲಿ ನಿಲ್ಲಿಸಿದ್ದರು. ಅಣ್ಣಾರು ಸ್ವಲ್ಪ ದೂರದಲ್ಲಿ ಕೈಮುಗಿದು ನಿಂತಿದ್ದರು. ಈರಣ್ಣ ಮೊಬೈಲಿನಲ್ಲಿ ಫೋಟೊ ತೆಗೆದ. ಆಗ ವೈನಿ ಅವಳ ಗದ್ದ ಹಿಡಿದು ಎತ್ತಿ, ಎಲ್ಲರಿಗೂ ಕೇಳುವಂತೆ, ಮೆತ್ತಗೆ ಅಂದರು:

"ಇವತ್ತಿನಿಂದ ನೀ ನಮ್ಮನಿ ಮಗಳು. ಮಗಳಾದಾಕಿ ತವರಮನಿ ಹೆಸರು ಬಾಜಾರಕ್ಕ ತರಂಗಿಲ್ಲ."

ನನ್ನ ಕಣ್ಣೀರು ಅಲ್ಲೇ ನಿಂತಿತು. ಆದರೆ ಅಕ್ಕಿ ಆಗಲೇ ಸೆರಗಿನಲ್ಲಿತ್ತು. ತುಂಬಿದ ಉಡಿಯನ್ನು ತಿರುಗಿ ಸುರಿದ ಹೆಂಗಸನ್ನು ನಾನಂತೂ ಕಂಡಿಲ್ಲ.

ಮರುದಿನ ಕಚೇರಿಗೆ ಬರುವಷ್ಟರಲ್ಲಿ ಆ ಫೋಟೊ ಎಲ್ಲರ ಫೋನಿನಲ್ಲಿತ್ತು. ಹಿಂದೆ ಬನ್ನಿಗಿಡ, ಮುಂದೆ ಸೆರಗು ಒಡ್ಡಿದ ಕಸ್ತೂರಿ. ಹನ್ನೊಂದು ಗಂಟೆಗೆ ಈರಣ್ಣ ಟೈಪು ಮಾಡಿದ ಕಾಗದವೊಂದನ್ನು ತಂದು ನನ್ನ ಮುಂದಿಟ್ಟ. 'ದೂರುದಾರರ ಕೋರಿಕೆಯ ಮೇರೆಗೆ ಉಭಯತ್ರರು ರಾಜಿಯಾಗಿರುತ್ತಾರೆ.' ಪುಸ್ತಿಕೆಯಲ್ಲಿ ರಾಜಿಯ ಮಾತು ಇತ್ತು, ನಾನು ಓದಿದ್ದೆ. ಹೆಣ್ಣುಮಗಳು ತಾನಾಗಿ ಕೇಳಿದರೆ ಮಾತ್ರ ರಾಜಿ. ಅವಳು ಎಲ್ಲಿ ಕೇಳಿದಳು ಅಂತ ಈರಣ್ಣನಿಗೆ ಅಂದೆ. "ಉಡಿ ತುಂಬಿಸ್ಕೊಂಡಾಳಲ್ರಿ ಶಾಂತಕ್ಕ. ಇನ್ನ ಬಾಯಿಲೆ ಬ್ಯಾರೆ ಕೇಳಬೇಕೇನು?" ಅಂದ. ಅವನ ಮುಖದಲ್ಲಿ ಮೋಸದ ಲಕ್ಷಣವೇ ಇರಲಿಲ್ಲ. ಅವನು ಅದನ್ನು ನಿಜವಾಗಿಯೂ ನಂಬಿದ್ದ.

ಕಸ್ತೂರಿಯನ್ನು ಕರೆಸಿದೆ. ಅವಳು ಕಾಗದ ಓದಿ, "ಸಹಿ ಮಾಡ್ಲೇನ್ರಿ ಅಕ್ಕಾರ?" ಅಂತ ಕೇಳಿದಳು. ಮಾಡಬೇಡ ಅನ್ನಬಹುದಿತ್ತು. ಎರಡು ಅಕ್ಷರ ಜಾಸ್ತಿ ಮಾತಾಡಿದ್ದರೆ ಸಾಕಿತ್ತು. ನಿನ್ನ ಮನಸ್ಸಿಗೆ ಬಂದಂತೆ ಮಾಡು ತಂಗಿ ಅಂದೆ. ಇದಕ್ಕಿಂತ ಹೇಡಿ ಮಾತನ್ನು ನಾನು ಆ ಕಚೇರಿಯಲ್ಲಿ ಆಡಿಲ್ಲ. ಅವಳು ಸಹಿ ಮಾಡಿದಳು. ಅವಳ ಕೆಳಗೆ ನಾನು ಮಾಡಿದೆ, ನನ್ನ ಕೆಳಗೆ ಈರಣ್ಣ. ವಿಜಯಪುರದ ಸದಸ್ಯೆ ಟಪಾಲಿನಲ್ಲೇ ಸಹಿ ಹಾಕಿ, ಸುಖಾಂತವಾದದ್ದು ಸಂತೋಷ ಅಂತ ಫೋನು ಮಾಡಿದಳು.

ಸಂಕ್ರಾಂತಿ ಕಳೆಯಿತು. ತೊಗರಿ ಕೊಯ್ದು ಹೊಲ ಬೋಳಾದವು. ಸುಮಾರು ಒಂದು ತಿಂಗಳು ಅಣ್ಣಾರು ಅವಳ ಕಡೆ ಸುಳಿಯಲಿಲ್ಲ. ಆಮೇಲೆ ಶುರುವಾಯಿತು, ಈ ಸಲ ಎಲ್ಲರ ಎದುರಿಗೇ. ಮಗಳ, ಊಟ ಆತೇನು ಅಂತ ತಲೆ ಸವರುವುದು. ಸವರಿದ ಕೈ ಬೆನ್ನ ಮೇಲೆ ಇಳಿಯುವುದು, ಅಲ್ಲೇ ನಿಲ್ಲುವುದು. ಅವಳು ಸರಿದು ಕೂತರೆ ನೋಡಿದವರು, ಅಪ್ಪನಂಥವರು, ಇವಳದೇ ಮನಸ್ಸು ಹೊಲಸು ಅಂದರು. ಮೊದಲು ರೆಕಾರ್ಡ್ ರೂಮಿನ ಬಾಗಿಲು ಹಾಕಬೇಕಾಗಿತ್ತು. ಈಗ ಯಾವ ಬಾಗಿಲೂ ಬೇಕಾಗಿರಲಿಲ್ಲ.

ಅವಳು ಮತ್ತೆ ನನ್ನ ಮೇಜಿಗೆ ಬಂದಳು. ನಾನು ಪುಸ್ತಿಕೆ ತೆಗೆದೆ. ರಾಜಿಯಾದ ಮೇಲೆ ವಿಚಾರಣೆ ಇಲ್ಲ. ಆದರೆ ರಾಜಿಯ ಶರತ್ತು ಮುರಿದರೆ ಸಮಿತಿ ವಿಚಾರಣೆ ನಡೆಸಲೇಬೇಕು ಅಂತ ಅದರ ಮುಂದೆಯೇ ಇತ್ತು. ಜೀವ ಬಂದಂತಾಗಿ ಆ ರಾಜಿ ಕಾಗದ ಹುಡುಕಿ ತೆಗೆದೆ. ತಿರುಗಿಸಿ ಮುರುಗಿಸಿ ನೋಡಿದೆ. ಶರತ್ತು ಅನ್ನುವುದೇ ಇರಲಿಲ್ಲ. ಅವಳ ಹತ್ತಿರ ಹೋಗಕೂಡದು, ಮುಟ್ಟಕೂಡದು, ಕೆಲಸಕ್ಕೆ ಧಕ್ಕೆ ತರಕೂಡದು, ಒಂದು ಸಾಲೂ ಇಲ್ಲ. ಎರಡು ಸಾಲು ಮತ್ತು ನಾಲ್ಕು ಸಹಿ. ಶರತ್ತು ಬರೆಸಬೇಕಾದವಳು ಅಧ್ಯಕ್ಷೆ. ಅಧ್ಯಕ್ಷೆ ಅಂದರೆ ನಾನು.

ಆದರೂ ಬಿಡಬೇಡ ಅಂದೆ. ಇದು ಹೊಸ ಕೃತ್ಯ, ಹೊಸದಾಗಿ ದೂರು ಬರೆದುಕೊಡು, ಈ ಸಲ ರಜಿಸ್ಟರಿಗೆ ಹಾಕುವುದಿಲ್ಲ, ನಾನೇ ವಿಜಯಪುರಕ್ಕೆ ಒಯ್ಯುತ್ತೇನೆ ಅಂದೆ. ಬಿಳಿ ಹಾಳೆ ಅವಳ ಮುಂದೆ ಇಟ್ಟೆ. ಅವಳು ಪೆನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟಳು.

"ಯಾರ ಮ್ಯಾಲೆ ಅಂತ ಬರಿಲಿರಿ ಅಕ್ಕಾರ? ಉಡಿ ತುಂಬಿಸ್ಕೊಂಡ ಮನಿ ಮ್ಯಾಲೆ? ಯಾರ ನಂಬ್ತಾರ್ರಿ? ಮಾರ್ಚಿ ಒಂದು ದಾಟಲಿ, ಮಗಳ ಸಾಲಿ ಒಂದು ಆಗಲಿ" ಅಂದಳು.

ಹಾಳೆಯನ್ನು ಮಡಿಸಿ ನನಗೇ ಕೊಟ್ಟಳು. ಮೇಲಿನವರಿಗೆ ಕಳಿಸುವ ವಾರ್ಷಿಕ ವರದಿಯನ್ನು ನನ್ನ ಕೈಯಿಂದಲೇ ಬರೆದೆ. ಬಂದ ದೂರು ಒಂದು, ಇತ್ಯರ್ಥವಾದದ್ದು ಒಂದು, ಬಾಕಿ ಇಲ್ಲ.

ಮಾರ್ಚಿ ಕೊನೆಗೆ ಏಜೆನ್ಸಿಯವರ ಪಟ್ಟಿ ಬಂತು. ಟಪಾಲಿನಲ್ಲಿ ಬಂದ ಕಾಗದ, ಮೊದಲು ನೋಡಿದವಳು ನಾನೇ. ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ಕಸ್ತೂರಿಯ ಹೆಸರಿರಲಿಲ್ಲ. ಕಾರಣವೂ ಇರಲಿಲ್ಲ, ಹೊರಗುತ್ತಿಗೆಯಲ್ಲಿ ಕಾರಣ ಹೇಳುವ ರೂಢಿಯಿಲ್ಲ. ದೊಡ್ಡ ಸಾಹೇಬರ ಹತ್ತಿರ ಹೋಗಿ ಜಗಳ ಮಾಡಿದೆ, ಅತ್ತೂ ಬಿಟ್ಟೆ. ಅದು ಏಜೆನ್ಸಿಯ ವಿಷಯ ಮೇಡಂ ಅಂದರು. ಏಜೆನ್ಸಿಗೆ ಫೋನು ಮಾಡಿದೆ. ನಿಮ್ಮ ಕಚೇರಿಯವರು ಕೊಟ್ಟ ಪಟ್ಟಿ ಮೇಡಂ ಅಂದರು. ಆ ಎರಡು ಫೋನಿನ ನಡುವೆ ನಾನು ಎಷ್ಟು ದಿನ ಓಡಾಡಿದರೂ ಅವಳ ಹೆಸರು ಮಾತ್ರ ಎಲ್ಲೂ ಸಿಗಲಿಲ್ಲ.

ಕೊನೆಯ ದಿನ ಅವಳು ಒಂದು ಗಂಟು ತಂದು ನನ್ನ ಮೇಜಿನ ಮೇಲಿಟ್ಟಳು. ಅದೇ ಉಡಿ. ಖಣದಲ್ಲೇ ಕಟ್ಟಿದ್ದಳು. ಅಕ್ಕಿ ಹಾಗೇ ಇತ್ತು, ಕೊಬ್ಬರಿಗೆ ಬೂಸ್ಟು ಬಂದಿತ್ತು, ನಿಂಬೆಹಣ್ಣು ಒಣಗಿ ಕಲ್ಲಾಗಿತ್ತು. ಉಡಿಯ ಅಕ್ಕಿಯನ್ನು ಮನೆಗೆ ಒಯ್ದು ಅಡಿಗೆ ಮಾಡಿ ಉಣ್ಣಬೇಕು. ಅವಳು ಉಂಡಿರಲಿಲ್ಲ.

"ಹಿಡಿ ಅಂದಾಕಿ ನೀವು. ನೀವ ಇಟ್ಕೊರಿ" ಅಂದಳು.

ಸಿಟ್ಟಿನಲ್ಲಿ ಅಂದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಕಾಲಿಗೆ ನಮಸ್ಕಾರ ಮಾಡಿ ಹೋದಳು.

ಆ ಗಂಟು ನನ್ನ ಮನೆಯ ಟ್ರಂಕಿನಲ್ಲಿದೆ. ಎಸೆಯುವ ಹಾಗಿಲ್ಲ, ಅದು ಉಡಿಯಕ್ಕಿ. ಉಣ್ಣುವ ಹಾಗೂ ಇಲ್ಲ. ಆಮೇಲೆ ನಾನು ಎಳ್ಳಮಾಸಿಗೆ ಯಾವ ಹೊಲಕ್ಕೂ ಹೋಗಿಲ್ಲ, ಹಬ್ಬ ಯಾವತ್ತು ಅಂತ ಕ್ಯಾಲೆಂಡರನ್ನೂ ನೋಡುವುದಿಲ್ಲ. ಒಮ್ಮೆ ಅದನ್ನು ಚೀಲದಲ್ಲಿಟ್ಟುಕೊಂಡು ಗೊಳಸಂಗಿಗೆ ಹೋದೆ. ಏನು ಹೇಳಬೇಕೆಂದು ಹೋಗಿದ್ದೆನೋ. ಅವಳ ತಾಯಿ ಬಾಗಿಲಿಗೆ ಬಂದು, ಕಸ್ತೂರಿ ಮಗಳನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೋಗಿದ್ದಾಳೆ, ಅಲ್ಲಿ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ, ಯಾರು ಬಂದಿದ್ದರು ಅಂತ ಹೇಳಲಿ ಅಂತ ಕೇಳಿದಳು. ನನಗೆ ನನ್ನ ಹೆಸರು ಹೇಳಲಾಗಲಿಲ್ಲ. ನೀರು ಕುಡಿದು ಬಂದ ಬಸ್ಸಿಗೆ ತಿರುಗಿ ಬಂದೆ.

ಮೊನ್ನೆ ಕಚೇರಿಯಲ್ಲಿ ಇದನ್ನೆಲ್ಲ ನೆನೆಯುತ್ತಾ ಬೋರ್ಡಿನ ಕೆಳಗಿನ ಬೆಂಚಿನ ಮೇಲೆ ಕೂತಿದ್ದೆ. ಅಣ್ಣಾರು ಒಳಗಿದ್ದರು, ಇನ್ನೂ ಒಂದು ವರ್ಷ ಸೇವೆ ಇದೆಯಂತೆ. ನನ್ನನ್ನು ಕಂಡು, ಬರ್ರಿ ಶಾಂತಕ್ಕ, ಚಹಾ ತರಸ್ತೇನಿ ಅಂದರು. ಕಸ್ತೂರಿ ಕೂಡುತ್ತಿದ್ದ ಕುರ್ಚಿಯಲ್ಲಿ ಹೊಸ ಹುಡುಗಿಯೊಬ್ಬಳು ಕೂತಿದ್ದಳು. ಮದುವೆಯಾಗದ ಹುಡುಗಿ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ನೀರು ಕುಡಿಯುವ ನೆಪದಲ್ಲಿ ಎದ್ದು ಬಂದಳು. ಲೋಟ ತುಂಬಿತು, ಅವಳು ಕುಡಿಯಲಿಲ್ಲ. ಬೋರ್ಡು ನೋಡಿದಳು, ಸುತ್ತ ನೋಡಿದಳು.

"ಅಕ್ಕಾರ, ನೀವು ಇಲ್ಲೇ ಕೆಲಸ ಮಾಡಿದವರಂತಲ್ರಿ. ಈ ಬೋರ್ಡಿನ ಮ್ಯಾಲಿನ ಶಾಂತಾ ಮೇಡಂ ಯಾರ್ರಿ? ಅವರ ನಂಬರ ಸಿಗ್ತೈತೇನ್ರಿ?" ಅಂತ ಮೆತ್ತಗೆ ಕೇಳಿದಳು.

ಯಾಕೆ ಅಂತ ನಾನು ಕೇಳಲಿಲ್ಲ. ನಾನೇ ಶಾಂತಾ, ನಿವೃತ್ತಳಾಗಿದ್ದೇನೆ ಅಂದೆ. ಅವಳ ಮುಖ ಇಳಿಯಿತು. ಕೈಚೀಲದಿಂದ ಕಾಗದ ತೆಗೆದು ನನ್ನ ನಂಬರು ಬರೆದು ಅವಳ ಕೈಯಲ್ಲಿಟ್ಟೆ. ನನ್ನಿಂದ ಏನಾಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಒಂದು ಮಾತನ್ನಾದರೂ ಈ ಸಲ ಹೊತ್ತಿಗೆ ಸರಿಯಾಗಿ ಹೇಳಬೇಕು ಅನ್ನಿಸಿತು.

"ತಂಗಿ, ಎಳ್ಳಮಾಸಿಗೆ ಹೊಲಕ್ಕ ಕರದ್ರ ಹೋಗಬ್ಯಾಡ" ಅಂದೆ.

ಹುಡುಗಿ ಕಾಗದ ಮಡಿಸುತ್ತಿದ್ದವಳು ತಲೆ ಎತ್ತಿದಳು.

"ಹೋದ ಸೋಮವಾರನ ಆತಲ್ರಿ ಎಳ್ಳಮಾಸಿ. ಎಲ್ಲಾರೂ ಹೋಗಿ ಬಂದೇವ್ರಿ" ಅಂದಳು. "ವೈನಿಯಾರು ನನಗ ಉಡಿ ತುಂಬಿದ್ರು."